ದೀಪಕ್ಕೆ ಎಷ್ಟು ಬುದ್ಧಿ ಬೇಕು?

ಹೋದ ತಿಂಗಳು ಒಂದು ರಾತ್ರಿ ಆಫೀಸಿನಿಂದ ಸೈಕಲ್ಲಲ್ಲಿ ಬರ್ತಾ ಇದ್ದೆ. ಬೀದಿದೀಪ ಕೆಟ್ಟ ರಸ್ತೆ. ಚಕ್ರ ಒಂದು ಗುಂಡಿಗೆ ಇಳಿದಿದ್ದೇ ತಡ, ಹ್ಯಾಂಡಲ್ ಮೇಲಿದ್ದ ನನ್ನ ಕೈಯಾರೆ ಮಾಡಿದ ಎಲ್‌ಇಡಿ ದೀಪ ಎಸ್‌ಓಎಸ್ ಮಿಟುಕಿಸೋಕೆ ಶುರು ಮಾಡಿತು! ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ... ಆ ಮಿಣುಕಾಟದಲ್ಲಿ ಎರಡನೇ ಗುಂಡಿ ಕಾಣಲೇ ಇಲ್ಲ. ಮೊಣಕೈ ತರಚಿತು. ಹಿಂದೆ ಬಸ್ಸು ಇರಲಿಲ್ಲ, ಪುಣ್ಯ.

ಮನೆಗೆ ಬಂದು ಬಿಚ್ಚಿ ನೋಡಿದ್ರೆ ಬೆಸುಗೆ ಎಲ್ಲಾ ಸರಿಯಾಗೇ ಇದೆ. ತಪ್ಪು ನಾನು ಬರೆದ ಪ್ರೋಗ್ರಾಮಿನದ್ದು. ಸ್ವಿಚ್ಚನ್ನ ಒಂದು ಕ್ಷಣ ಆರಿಸಿ ಹಚ್ಚಿದ್ರೆ ಮುಂದಿನ ಮೋಡ್‌ಗೆ ಹೋಗು ಅಂತ ಬರೆದಿದ್ದೆ. ಗುಂಡಿಯ ಹೊಡೆತಕ್ಕೆ 18650 ಸೆಲ್ಲು ಸ್ಪ್ರಿಂಗಿನಿಂದ ಕ್ಷಣಕಾಲ ದೂರ ಸರಿದಿದೆ. ಪ್ರೋಗ್ರಾಮು ಅದನ್ನ ನನ್ನ ಬೆರಳು ಅಂದುಕೊಂಡಿದೆ.

ನಮ್ಮಂಥ ಸಾಫ್ಟ್‌ವೇರ್ ಮಂದಿಯ ಚಟ ಇದು. ಎಟಿಟೈನಿ13 ಅನ್ನೋ ಎಂಟು ಕಾಲಿನ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ 1 ಕಿಲೋಬೈಟ್, ರ್‍ಯಾಮ್ ಬರೀ 64 ಬೈಟ್. ಅಷ್ಟರಲ್ಲಿ ಏನೇನು ತುರುಕಬಹುದು ಅನ್ನೋದೇ ಮಜಾ. ನಾನು ಒಂಬತ್ತು ಮೋಡ್ ತುರುಕಿದ್ದೆ!

ಹಾಗಂತ ಮೈಕ್ರೋಕಂಟ್ರೋಲರ್ರೇ ಬೇಡ ಅನ್ನೋ ಗೆಳೆಯರ ಮಾತನ್ನೂ ನಾನು ಒಪ್ಪಲ್ಲ. ಒಂದು ಸ್ವಿಚ್ಚು, 350 ಮಿಲಿಆಂಪ್‌ಗೆ ಕಟ್ಟಿಹಾಕೋ ಎಎಂಸಿ7135, ಮುಗೀತು ಅಂತಾರೆ. ಬೆಳಕೇನೋ ಬರುತ್ತೆ. ಆದ್ರೆ ಸೆಲ್ಲು 4.2 ವೋಲ್ಟಿನಿಂದ ಇಳೀತಾ ಇದ್ರೂ ಬೆಳಕು ಹೆಚ್ಚುಕಮ್ಮಿ ಒಂದೇ ಸಮ ಇರುತ್ತೆ, ಕೊನೆಗೆ ಬೇಗ ಬೇಗ ಮಂಕಾಗುತ್ತೆ. ಮನೆ ಇನ್ನೂ ಐದು ಕಿಲೋಮೀಟರ್ ಇರುವಾಗ!

ಚಿಪ್ಪು ಬೇಕಾಗಿರೋದು ಇದಕ್ಕೆ. ಈಗಿನ ನನ್ನ ದೀಪದಲ್ಲಿ ಎರಡೇ ಮೋಡ್, ಜೋರು ಮತ್ತು ಮಂದ. ಬದಲಾಯಿಸೋಕೆ ಬೇರೆ ಬಟನ್, ಅರ್ಧ ಸೆಕೆಂಡ್ ಒತ್ತಿ ಹಿಡೀಬೇಕು. ಕರೆಂಟು ತಪ್ಪಿ ಬಂದ್ರೆ ಯಾವಾಗಲೂ ಜೋರು. ಚಿಪ್ಪು ರೀಸೆಟ್ ಆಗ್ತಿದ್ರೂ ದೀಪ ಉರೀತಾ ಇರಲಿ ಅಂತ ಎಎಂಸಿ7135ಗೆ ಒಂದು ಪುಲ್-ಅಪ್ ರೆಸಿಸ್ಟರ್ ಕೊಟ್ಟಿದ್ದೀನಿ. ಸೆಲ್ಲು 3.3 ವೋಲ್ಟಿಗೆ ಬಂದಾಗ ದೀಪ ಆರದೆ ಎರಡು ಸಲ ಮಂಕಾಗಿ ಎಚ್ಚರಿಸುತ್ತೆ, ಆಮೇಲೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. (ಇಲ್ಲೊಂದು ಪಾಠ ಕಲಿತೆ: ಹೊರೆ ಇಳಿದ ಕೂಡಲೇ ಸೆಲ್ಲಿನ ವೋಲ್ಟೇಜ್ ಮತ್ತೆ ಏರುತ್ತೆ. ಅದನ್ನ ನಂಬಿ ಪ್ರೋಗ್ರಾಮು ಪುನಃ ಜೋರಿಗೆ ಹೋದ್ರೆ ದೀಪ ಉಯ್ಯಾಲೆ ಆಡುತ್ತೆ. ಒಮ್ಮೆ ಇಳಿದ್ರೆ ಇಳೀತು.) ಸೆಲ್ಲು ಉಳಿಸೋಕೆ ದೀಪವನ್ನೇ ಆರಿಸು ಅನ್ನೋರಿದ್ದಾರೆ. ಆ ಕೆಲಸಕ್ಕೆ ಸೆಲ್ಲಿನದೇ ರಕ್ಷಣಾ ಸರ್ಕ್ಯೂಟ್ ಇದೆ. ಓಡ್ತಿರೋ ಸೈಕಲ್ಲಿನ ದೀಪವನ್ನ ನನ್ನ ಪ್ರೋಗ್ರಾಮಂತೂ ಆರಿಸಲ್ಲ.

ಹಣೆಗೆ ಕಟ್ಟೋ ದೀಪದ ಮಾತು ಬೇರೆ. ಓದೋಕೆ ಮಂದ, ನಡೆಯೋಕೆ ಜೋರು, ಅಲ್ಲಿ ಮೂರ್ನಾಲ್ಕು ಮೋಡ್ ಇದ್ರೆ ಚೆನ್ನ. ಮಂದದಿಂದಲೇ ಶುರುವಾದ್ರೆ ಎದುರಿಗಿದ್ದವರ ಕಣ್ಣೂ ಬಚಾವ್.

ನಿಮ್ಮಲ್ಲೂ ಯಾರಾದ್ರೂ ಇಂಥ ದೀಪ ಮಾಡಿಕೊಂಡಿದ್ರೆ, ಹಚ್ಚಿ ಅಂಗೈಗೆ ಒಮ್ಮೆ ಜೋರಾಗಿ ಬಡಿದು ನೋಡಿ. ಮೋಡ್ ಬದಲಾದ್ರೆ ಒಂದು ಮಾತು ತಿಳಿಸಿ, ನನ್ನ ಅರವತ್ತು ಸಾಲಿನ ಪ್ರೋಗ್ರಾಮ್ ಕಳಿಸ್ತೀನಿ :-)