ಸರ್ಕಾರಿ ಶಾಲೆ ಬಿಟ್ಟ ಮೇಷ್ಟ್ರು

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಒಂದು ಸ್ಪರ್ಧೆ ನಡೆದುದು ಅನೇಕರಿಗೆ ನೆನಪಿರಬಹುದು. 'ಸರ್ಕಾರಿ ಶಾಲೆಯನ್ನು ತೊರೆದು ಖಾಸಗಿ ಶಾಲೆಗೆ ಹೋಗುವ ಉಪಾಧ್ಯಾಯರು ಸ್ವಾರ್ಥಿಗಳು' ಎಂಬುದು ಅಂದಿನ ವಿಷಯ. ನಾನು ವಿಷಯದ ಪರವಾಗಿ ಮಾತನಾಡಿದೆ. ದ್ವಿತೀಯ ಬಹುಮಾನ ಬಂದಿತು. ಚಪ್ಪಾಳೆಯೂ ಬಿದ್ದಿತು. ಹೆಚ್ಚಿನ ಚಪ್ಪಾಳೆ ಬಿದ್ದುದು ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರನ್ನು, ಹೆಸರು ಹೇಳದೆ, ನಾನು ಹಳಿದಾಗ. ಆ ಮಾತುಗಳಲ್ಲಿ ಕೆಲವನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ನಾಲ್ಕು ಜನರ ಎದುರು ಆಡಿದ ಮಾತನ್ನು ನಾಲ್ಕು ಜನರ ಎದುರೇ ಹಿಂತೆಗೆದುಕೊಳ್ಳುವುದು ನ್ಯಾಯವೆಂದು ತೋರಿದ್ದರಿಂದ ಸಂಪಾದಕರಲ್ಲಿ ಈ ಪುಟಗಳನ್ನು ಕೇಳಿ ಪಡೆದೆ.

ಅಂದು ನಾನು ಹೇಳಿದ ಸಂಗತಿಯೇನೋ ಸುಳ್ಳಲ್ಲ. ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ರಾಗಿಯ ಹೊಲ, ಅಲ್ಲಲ್ಲಿ ತೆಂಗಿನ ತೋಟ. ನಮ್ಮ ತಂದೆಯವರಿಗೆ ರುಜು ಹಾಕುವುದಷ್ಟು ಬರುತ್ತದೆ. ತಾಯಿಯವರಿಗೆ ಅದೂ ಇಲ್ಲ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಎಂದರೆ 2019ರಲ್ಲಿ, ಗಣಿತದ ಮೇಷ್ಟ್ರು ದಸರಾ ರಜೆಗೆ ಮೊದಲು ರೇಖಾಗಣಿತದ ಒಂದು ಪ್ರಮೇಯವನ್ನು ಅರ್ಧಕ್ಕೆ ನಿಲ್ಲಿಸಿ, "ಉಳಿದದ್ದು ರಜೆ ಮುಗಿದ ಮೇಲೆ" ಎಂದು ಹೇಳಿ ಹೋದರು. ರಜೆ ಮುಗಿಯಿತು, ಅವರು ಬರಲಿಲ್ಲ. ತಾಲ್ಲೂಕು ಕೇಂದ್ರದ ಒಂದು ಖಾಸಗಿ ಶಾಲೆ ಸೇರಿದರೆಂದು ತಿಳಿಯಿತು. ಆಮೇಲೆ ಗಣಿತದ ಪಿರಿಯಡ್ಡಿಗೆ ದೈಹಿಕ ಶಿಕ್ಷಣದ ಮೇಷ್ಟ್ರು ಬಂದು ಕೂರುತ್ತಿದ್ದರು. ಒಳ್ಳೆಯವರು, ಗಲಾಟೆ ಮಾಡದಿದ್ದರೆ ಸಾಕೆನ್ನುತ್ತಿದ್ದರು. ನಾವು 31 ಮಂದಿ ಗಲಾಟೆ ಮಾಡದೆ ಇರುವುದನ್ನು ಕಲಿತೆವು, ಗಣಿತ ಕಲಿಯಲಿಲ್ಲ.

ನನಗೆ ಲೆಕ್ಕದಲ್ಲಿ ಆಸೆಯಿತ್ತು. 2021ರಲ್ಲಿ ಎಸ್‌.ಎಸ್‌.ಎಲ್‌.ಸಿ. ಪಾಸಾಗಿ ಪಿ.ಯು.ಗೆ ಸೇರುವಾಗ ವಿಜ್ಞಾನದ ಅರ್ಜಿಯನ್ನು ಕೈಯಲ್ಲಿ ಹಿಡಿದೇ ಹೋಗಿದ್ದೆ. ಧೈರ್ಯ ಸಾಲದೆ ಕಲಾ ವಿಭಾಗಕ್ಕೆ ಬರೆದುಕೊಟ್ಟೆ. (ಇತಿಹಾಸವನ್ನೂ ಕನ್ನಡವನ್ನೂ ಇಲ್ಲಿ ನಮಗೆ ಹೇಳಿಕೊಟ್ಟ ಗುರುಗಳು ಇದನ್ನು ತಪ್ಪಾಗಿ ತಿಳಿಯಬಾರದು. ಬಂದುದಕ್ಕೆ ನನಗೆ ವ್ಯಥೆಯಿಲ್ಲ, ಬಂದ ದಾರಿಯನ್ನು ಹೇಳುತ್ತಿದ್ದೇನೆ.) ಈ ಸಿಟ್ಟೇ ಅಂದು ನನ್ನ ಬಾಯಲ್ಲಿ ಭಾಷಣವಾಯಿತು.

ಈ ಸಂಕ್ರಾಂತಿಯ ರಜೆಗೆ ಊರಿಗೆ ಹೋಗುತ್ತ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ತಿರುಗಿ ನೋಡಿದರೆ ಮೇಷ್ಟ್ರು. ತಲೆ ಬೆಳ್ಳಗಾಗಿತ್ತು.

"ಏನಪ್ಪ, ಚೆನ್ನಾಗಿದ್ದೀಯಾ? ಏನು ಓದ್ತಿದ್ದೀಯ?"

"ಬಿ.ಎ. ಕೊನೇ ವರ್ಷ, ಸಾರ್."

"ಬಿ.ಎ. ಯಾಕೋ? ಲೆಕ್ಕ ಚೆನ್ನಾಗಿ ಮಾಡ್ತಿದ್ದೆಯಲ್ಲ?"

ನಾನು ಸುಮ್ಮನೆ ನಿಂತೆ. ನನ್ನ ಮೌನದ ಅರ್ಥ ಅವರಿಗೆ ಆಗಿರಬೇಕು. "ಬಾ, ಕಾಫಿ ಕುಡಿಯೋಣ" ಎಂದರು. ಕಾಫಿ ಬರುವಷ್ಟರಲ್ಲಿ ನನಗೆ ತಡೆಯಲಾಗದೆ, "ನಿಮ್ಮನ್ನ ಬಯ್ದು ಒಂದು ಬಹುಮಾನ ತಗೊಂಡಿದ್ದೀನಿ, ಸಾರ್" ಎಂದು ಹೇಳಿಯೇಬಿಟ್ಟೆ. ಅವರು ನಕ್ಕು, "ಏನು ಕೊಟ್ಟರು?" ಎಂದು ಕೇಳಿದರು. ನಿಘಂಟು ಎಂದೆ. "ಒಳ್ಳೇದೇ ಕೊಟ್ಟಿದ್ದಾರೆ" ಎಂದರು.

ಅಂದು ಅವರು ಹೇಳಿದುದರಲ್ಲಿ ನನಗೆ ಗೊತ್ತಿಲ್ಲದಿದ್ದ ಮೊದಲ ಸಂಗತಿಯೆಂದರೆ, ಅವರು ಸರ್ಕಾರದ ನೌಕರರೇ ಆಗಿರಲಿಲ್ಲ ಎಂಬುದು. ಅವರು ಅತಿಥಿ ಶಿಕ್ಷಕರು. ಮಕ್ಕಳಾದ ನಮಗೆ ಖಾಯಂ ಯಾರು, ಅತಿಥಿ ಯಾರು ಎಂಬ ಭೇದ ತಿಳಿಯುತ್ತಿರಲಿಲ್ಲ. ಹಾಜರಿ ಕೂಗಿದವರೆಲ್ಲ ಮೇಷ್ಟ್ರೇ. ಆ ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿಯಿತ್ತು. ಖಾಲಿ ಹುದ್ದೆಗೆ ಪ್ರತಿ ವರ್ಷ ಶಾಲೆ ಆರಂಭವಾದ ಮೇಲೆ ಒಬ್ಬರನ್ನು ಕರೆದು, ವರ್ಷ ಮುಗಿಯುತ್ತಲೇ ಬಿಡುಗಡೆ ಮಾಡಿ, ಮತ್ತೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಿಸಿಕೊಳ್ಳುವುದು ಪದ್ಧತಿ. ಎಂ.ಎಸ್ಸಿ., ಬಿ.ಎಡ್. ಮಾಡಿದ್ದ ಮೇಷ್ಟ್ರು ಹೀಗೆ ಆರು ವರ್ಷ ಅರ್ಜಿ ಹಾಕಿದ್ದರು. ಆಗ ಅವರ ಗೌರವಧನ ತಿಂಗಳಿಗೆ ಹತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಅದೂ ತಿಂಗಳಿಗೊಮ್ಮೆ ಬರುತ್ತಿರಲಿಲ್ಲ. ಮೂರು ನಾಲ್ಕು ತಿಂಗಳಿನದು ಒಟ್ಟಿಗೆ, ಅನುದಾನ ಬಿಡುಗಡೆಯಾದಾಗ. ಬೇಸಿಗೆಯ ಎರಡು ತಿಂಗಳು ಏನೂ ಇಲ್ಲ. ಪಕ್ಕದ ಕೊಠಡಿಯಲ್ಲಿ ಅದೇ ಮಕ್ಕಳಿಗೆ ಪಾಠ ಹೇಳುವ ಖಾಯಂ ಉಪಾಧ್ಯಾಯರಿಗೆ ಇದರ ಎಷ್ಟೋ ಪಾಲು ಸಂಬಳ. ಆ ವರ್ಷ ದಸರಾ ಹೊತ್ತಿಗೆ ಜೂನ್ ತಿಂಗಳಿನದೇ ಬಂದಿರಲಿಲ್ಲ. ಮನೆಯಲ್ಲಿ ಕೈಗೂಸು. ಖಾಸಗಿ ಶಾಲೆಯವರು ತಿಂಗಳಿಗೆ 14,000, ವರ್ಷಕ್ಕೆ ಹನ್ನೆರಡು ತಿಂಗಳೂ ಕೊಡುತ್ತೇವೆ, ನಾಳೆಯೇ ಬನ್ನಿ ಎಂದರು.

ನನ್ನ ಭಾಷಣದ ಬುಡವೇ ಇಲ್ಲಿ ಅಲುಗಾಡಿತು. ನಮ್ಮಲ್ಲಿ ಸರ್ಕಾರಿ ಶಾಲೆಯನ್ನು ಬಿಟ್ಟು ಖಾಸಗಿ ಶಾಲೆಗೆ ಹೋಗುವವರು ಯಾರು? ಖಾಯಂ ಉಪಾಧ್ಯಾಯರು ಹಾಗೆ ಹೋದುದನ್ನು ನಾನಂತೂ ಕಂಡಿಲ್ಲ. ಖಾಸಗಿ ಶಾಲೆಯಲ್ಲಿರುವವರೇ ಹಗಲು ಪಾಠ ಹೇಳಿ ರಾತ್ರಿ ಟಿ.ಇ.ಟಿ.ಗೆ ಓದುತ್ತ ಸರ್ಕಾರಿ ಶಾಲೆಯ ಕಡೆಗೆ ನೋಡುತ್ತಿರುತ್ತಾರೆ. ಹಾಗಾದರೆ ಸರ್ಕಾರ ಬಿಟ್ಟು ಹೋದರೆಂದು ನಾವು ಹಳಿಯುವವರು, ಸರ್ಕಾರವು ಎಂದೂ ತನ್ನವರೆಂದು ಬರೆದುಕೊಳ್ಳದೆ ಇದ್ದವರು. ಬಾಗಿಲೊಳಗೆ ಕರೆಯದೆ ಜಗಲಿಯ ಮೇಲೆ ಕೂರಿಸಿದವನು ಎದ್ದುಹೋದರೆ 'ಮನೆ ಬಿಟ್ಟು ಹೋದ' ಎನ್ನುವುದು ಯಾವ ನ್ಯಾಯ?

ಖಾಸಗಿ ಶಾಲೆಯೇನು ಸ್ವರ್ಗವೇ? ಅದನ್ನೂ ಕೇಳಿದೆ. ಸೇರಿದ ದಿನವೇ ಅವರ ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಇಟ್ಟುಕೊಂಡರಂತೆ. ಏಪ್ರಿಲ್, ಮೇ ತಿಂಗಳಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಮಕ್ಕಳನ್ನು ಸೇರಿಸಬೇಕು. ಇಂತಿಷ್ಟು ಅಡ್ಮಿಷನ್ ತಾರದಿದ್ದರೆ ಬೇಸಿಗೆಯ ಸಂಬಳಕ್ಕೆ ಕತ್ತರಿ. ಆ ಹನ್ನೆರಡು ತಿಂಗಳ ಮಾತು ಎಷ್ಟು ಗಟ್ಟಿಯೆಂಬುದು ಆರೇ ತಿಂಗಳಲ್ಲಿ ಗೊತ್ತಾಯಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಮೊದಲು ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಮೇಷ್ಟ್ರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆದರು. 2021ರಲ್ಲಿ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ಆರು ವರ್ಷ ಸರ್ಕಾರಿ ಶಾಲೆಯಲ್ಲಿ ದುಡಿದಾಗ ಒಮ್ಮೆಯೂ ಸಕಾಲಕ್ಕೆ ಬಾರದ ಹಣ, ಅದನ್ನು ಬಿಟ್ಟ ಮೇಲೆ ಸಕಾಲಕ್ಕೆ ಬಂದಿತೆಂದು ಮೇಷ್ಟ್ರು ನಕ್ಕರು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆಯಾದಾಗ ಅವರೂ ಬರೆದರು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಶಾಲೆ ಮತ್ತೆ ತೆರೆದ ಮೇಲೆ ಅದೇ ಖಾಸಗಿ ಶಾಲೆಗೇ ಮರಳಿ, ಈಗಲೂ ಅಲ್ಲಿಯೇ ಇದ್ದಾರೆ.

"ಒಂದು ಸುಖ ಉಂಟು" ಎಂದರು. "ಬೆಲ್ ಹೊಡೆದರೆ ಪಾಠ, ಅಷ್ಟೇ. ಅಲ್ಲಿ ಬೆಲ್ ಹೊಡೆದರೆ ಪಾಠ ಅಂತ ಹೇಳೋ ಹಾಗೇ ಇರಲಿಲ್ಲ." ಈ ಮಾತು ನಿಜ. ನನ್ನ ತಮ್ಮ ಈಗ ಅದೇ ಹೈಸ್ಕೂಲಿನಲ್ಲಿದ್ದಾನೆ. ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಕಂಪ್ಯೂಟರಿಗೆ ಮಕ್ಕಳ ವಿವರ ತುಂಬುವುದು, ಇವೆಲ್ಲ ಮೇಷ್ಟ್ರುಗಳ ಪಾಲಿಗೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಆದರೂ 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳು ಮನೆಮನೆ ತಿರುಗಿದರು. ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಬೆಳೆಸಿದರು. ಸಮೀಕ್ಷೆ ಬೇಡವೆನ್ನುವವನು ನಾನಲ್ಲ. ಆದರೆ ಆ ದಿನಗಳಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನು ಎಂದಿನಂತೆ ನಮ್ಮೂರಿಗೆ ಬಂದು ಹೋಗುತ್ತಿತ್ತು. ಕೂಲಿ ಮಾಡುವ ತಂದೆತಾಯಿಗಳೂ ಜಗಲಿಯ ಮೇಲೆ ನಿಂತು ಅದನ್ನು ನೋಡುತ್ತಿದ್ದರು. ಮುಂದಿನ ಜೂನಿನಲ್ಲಿ ಅವರು ಏನು ಮಾಡುತ್ತಾರೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಮಕ್ಕಳ ಸಂಖ್ಯೆ ಇಳಿದರೆ ಖಾಯಂ ಮೇಷ್ಟ್ರು 'ಹೆಚ್ಚುವರಿ' ಎನಿಸಿ ಬೇರೆಡೆಗೆ ಹೋಗುತ್ತಾರೆ, ಅತಿಥಿಗೆ ಮಂಜೂರಾತಿಯೇ ಇರುವುದಿಲ್ಲ.

2025ರ ಮುಂಗಡಪತ್ರದಲ್ಲಿ ಅತಿಥಿ ಶಿಕ್ಷಕರ ಗೌರವಧನಕ್ಕೆ 2,000 ರೂಪಾಯಿ ಸೇರಿಸಿದರು. ಸಂತೋಷ. ಆದರೆ ಮೇಷ್ಟ್ರು ಹೋದದ್ದು ಎರಡು ಸಾವಿರಕ್ಕಲ್ಲ. ಆರು ವರ್ಷ ಪ್ರತಿ ಜೂನಿನಲ್ಲಿಯೂ ಬೇಕಾಗುವ ಮನುಷ್ಯ ಏಳನೆಯ ವರ್ಷಕ್ಕೂ ಬೇಕಾಗುತ್ತಾನೆ ಎಂಬುದನ್ನು ಒಪ್ಪಿ ಹುದ್ದೆ ತುಂಬಬೇಕು. ತುಂಬುವಾಗ ಆ ಆರು ವರ್ಷಗಳಿಗೆ ನಾಲ್ಕು ಅಂಕವಾದರೂ ಕೊಡಬೇಕು. ಅಲ್ಲಿಯವರೆಗೆ ತಿಂಗಳ ಹಣವನ್ನು ತಿಂಗಳಿಗೇ ಕೊಡಬೇಕು. ಇಷ್ಟನ್ನು ಮಾಡದೆ ಆದರ್ಶದ ಮಾತು ಹೇಳುವವರ ಸಾಲಿನಲ್ಲಿ ನಾನೂ ಒಮ್ಮೆ ನಿಂತಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಎಲ್ಲವನ್ನೂ ತೆಗೆದುಕೊಂಡಿಲ್ಲ. ದಸರಾದಲ್ಲಿ ಹೋಗದೆ ಮಾರ್ಚಿಗೆ ಹೋಗಬಹುದಿತ್ತಲ್ಲವೇ ಎಂದು ಅವರನ್ನೇ ಕೇಳಿದೆ. ಮೇಷ್ಟ್ರು ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಹೊತ್ತು ತಿರುಗಿಸುತ್ತ ಕುಳಿತು, "ಹೋಗಬಹುದಿತ್ತು" ಎಂದರು. ಆ ಶಾಲೆಯವರು ಮಾರ್ಚಿನವರೆಗೆ ಕಾಯುತ್ತಿರಲಿಲ್ಲ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. 31 ಮಂದಿಯಲ್ಲಿ ಇಬ್ಬರೇ ಡಿಗ್ರಿಗೆ ಬಂದಿದ್ದೇವೆಂದು ನಾನೂ ಅವರಿಗೆ ಹೇಳಲಿಲ್ಲ.

ಬಸ್ಸು ಬರುವ ಮೊದಲು ಅವರು ಇನ್ನೊಂದು ವಿಷಯ ತೆಗೆದರು. ಅವರ ಶಾಲೆಯಲ್ಲಿ ಜೂನಿನಿಂದ ಸಮಾಜ ವಿಜ್ಞಾನಕ್ಕೆ ಒಬ್ಬರು ಬೇಕಂತೆ, ಬಿ.ಎಡ್. ಇಲ್ಲದಿದ್ದರೂ ನಡೆಯುತ್ತದೆ, 11,000 ಕೊಡುತ್ತಾರೆ, ನಿನ್ನ ಹೆಸರು ಹೇಳಲೇ ಎಂದರು. ಬಿ.ಎಡ್.ಗೆ ಎರಡು ವರ್ಷ, ಅದಕ್ಕೆ ಹಣ, ಆಮೇಲೆ ಟಿ.ಇ.ಟಿ., ಆಮೇಲೆ ಯಾವಾಗ ಬರುವುದೋ ತಿಳಿಯದ ನೇಮಕಾತಿ. ನಮ್ಮ ತಂದೆಯವರಿಗೆ ಹೇಳಿದಾಗ, "ಸರ್ಕಾರದ್ದಾದರೆ ಮೇಷ್ಟ್ರು, ಇಲ್ಲದಿದ್ದರೆ ಅದೂ ಕೂಲಿಯೇ" ಎಂದರು. ತಾಯಿಯವರು ಹನ್ನೊಂದು ಸಾವಿರವೆಂದರೆ ಎಷ್ಟು ಮೂಟೆ ರಾಗಿ ಎಂದು ಕೇಳಿದರು. ಮೇ ಕೊನೆಯೊಳಗೆ ಮೇಷ್ಟ್ರಿಗೆ ಉತ್ತರ ಹೇಳಬೇಕಾಗಿದೆ.