ಆ ಆನೆಯನ್ನು ಹಾಗೇ ಬಿಡಿ, ತಿದ್ದಬೇಡಿ

1/7

ಮೊದಲನೇ ಫೋಟೋ ನೋಡಿ. ಬಿಳಿ ಆನೆ, ಸೊಂಡಿಲು ಮೇಲೆತ್ತಿದೆ, ಬೆನ್ನ ಮೇಲೆ ಕೆಂಪು ಜೂಲು, ಅಂಚಿಗೆ ಚಿನ್ನದ ಬಣ್ಣದ ಚುಕ್ಕಿ. ಹೋದ ಡಿಸೆಂಬರ್‌ನಲ್ಲಿ ಇದೇ ಪುಟದಲ್ಲಿ ಹಾಕಿದ್ದೆ. "ಆರು ವರ್ಷದ ಮಗಳ ಕೈಚಳಕ, ಉಪ್ಪು ಮತ್ತು ಮೈದಾದಿಂದ" ಅಂತ ಬರೆದಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಹೃದಯ ಒತ್ತಿದ್ರಿ, "ಸೋ ಕ್ಯೂಟ್" ಅಂದ್ರಿ, ಅಳತೆ ಕೇಳಿದ್ರಿ.

ಅದು ಸುಳ್ಳು. ಆ ಆನೆ ಮಾಡಿದ್ದು ನಾನು. ರಾತ್ರಿ ಹನ್ನೊಂದು ಗಂಟೆಗೆ, ಅವಳು ಮಲಗಿದ ಮೇಲೆ.

ಅವಳು ಮಾಡಿದ ಆನೆಗೆ ಐದು ಕಾಲಿತ್ತು. ಎಲ್ಲಾ ಒಂದೇ ಕಡೆ. ಸೊಂಡಿಲು ಮೈಗಿಂತ ಉದ್ದ. ಶಾಲೆಯಲ್ಲಿ "ಮನೆಯಲ್ಲೇ ಮಾಡಿದ ತೂಗು ಅಲಂಕಾರ" ತನ್ನಿ ಅಂದಿದ್ರು, ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಬೇರೆ ಮಕ್ಕಳ ನಕ್ಷತ್ರ, ಗಂಟೆ, ಹಿಮಮನುಷ್ಯರ ಫೋಟೋ ಬರ್ತಾ ಇದ್ವು. ಒಂದಕ್ಕಿಂತ ಒಂದು ನುಣುಪು. ನಾನು ಅವಳ ಆನೆಯನ್ನು ಮತ್ತೆ ಮುದ್ದೆ ಮಾಡಿ, ಲಟ್ಟಿಸಿ, ಚಾಕುವಿನಲ್ಲಿ ಕತ್ತರಿಸಿ ನಾಲ್ಕು ಕಾಲಿನ ಆನೆ ಮಾಡಿದೆ.

ಬೆಳಿಗ್ಗೆ ಎದ್ದು ಅದನ್ನ ತಿರುಗಿಸಿ ತಿರುಗಿಸಿ ನೋಡಿದಳು. "ನಂದು ಎಲ್ಲಿ?" ಅಂದಳು. "ಇದೇ ನಿಂದು ಪುಟ್ಟಿ, ಒಣಗಿ ಹೀಗಾಯ್ತು" ಅಂದೆ.

ಅಳಲಿಲ್ಲ. ಅದೇ ನನ್ನನ್ನ ಇವತ್ತಿಗೂ ಚುಚ್ಚೋದು. ಸುಮ್ಮನೆ ಬ್ಯಾಗಿಗೆ ಹಾಕ್ಕೊಂಡು ಹೋದಳು. ಮುಂದಿನ ವಾರ ಹಿಟ್ಟು ಕಲಸಿ ಕರೆದರೆ, "ನೀನೇ ಮಾಡು ಅಮ್ಮ, ನಂಗೆ ಬರಲ್ಲ" ಅಂದಳು. ನಾಲ್ಕು ತಿಂಗಳು ಹಿಟ್ಟು ಮುಟ್ಟಲಿಲ್ಲ.

2/7

ಹಾಗಾಗಿ ಇವತ್ತು ಸ್ವಲ್ಪ ಜಗಳ ಆಡ್ತೀನಿ. ನನ್ನ ಜೊತೆಗೂ, ನಿಮ್ಮ ಜೊತೆಗೂ.

"ಕುಟುಂಬದ ಜೊತೆ ಸಾಲ್ಟ್ ಡೋ" ಅಂತ ನಾವು ಹಾಕುವ ರೀಲ್‌ಗಳನ್ನ ಒಮ್ಮೆ ಮ್ಯೂಟ್ ಮಾಡಿ ನೋಡಿ. ಹಾಡು ತೆಗೆದುಬಿಟ್ಟರೆ ಉಳಿಯೋದೇನು? ಮಗುವಿನ ಕೈ ಮೊದಲ ಮೂರು ಸೆಕೆಂಡು ಹಿಟ್ಟಿನಲ್ಲಿ. ಆಮೇಲೆ ಬರೋದೆಲ್ಲ ನೇಲ್ ಪಾಲಿಶ್ ಹಚ್ಚಿದ ದೊಡ್ಡ ಕೈ. ಕೊನೆಗೆ ಮಗು ಮತ್ತೆ ಬಂದು ಸಿದ್ಧವಾದದ್ದನ್ನ ಹಿಡ್ಕೊಂಡು ನಗುತ್ತೆ. ಮಧ್ಯದಲ್ಲಿ ಆ ಮಗು ಎಲ್ಲಿತ್ತು? ಟಿವಿ ಮುಂದೆ. (ನಮ್ಮನೇಲಿ ಅಲ್ಲೇ ಇತ್ತು.) ಅಪ್ಪ ಎಲ್ಲಿದ್ರು? ಮೊಬೈಲ್ ಹಿಡ್ಕೊಂಡು ಶೂಟ್ ಮಾಡ್ತಿದ್ರು. ನೆಲ ಒರೆಸಿದ್ದು ಯಾರು ಅನ್ನೋದು ಯಾವ ರೀಲ್‌ನಲ್ಲೂ ಇಲ್ಲ, ಅದನ್ನ ನಾನು ಬೇರೆ ಹೇಳಬೇಕಿಲ್ಲ.

ಶಾಲೆಗಳ ಮೇಲೂ ನನ್ನ ಸಿಟ್ಟಿದೆ. ಒಂದನೇ ತರಗತಿ ಮಗುವಿಗೆ ಮಾಡೋಕಾಗದ ಕೆಲಸ ಮನೆಗೆ ಕಳಿಸಿ, ಅದರಲ್ಲಿ ಚಂದ ಇದ್ದದ್ದನ್ನ ಆರಿಸಿ ಗೋಡೆಗೆ ತೂಗುಹಾಕಿದರೆ, ಅಲ್ಲಿ ನೇತಾಡುತ್ತಿರೋದು ಅಮ್ಮಂದಿರ ರಾತ್ರಿ ಪಾಳಿ. ಟೀಚರಿಗೂ ಗೊತ್ತು. ನಮಗೂ ಗೊತ್ತು. ಮಕ್ಕಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

3/7

ಏಪ್ರಿಲ್‌ನಲ್ಲಿ ಧಾರವಾಡದಿಂದ ಅವ್ವ ಬಂದಳು. ನಾನು ಮತ್ತೆ ಪ್ರಯತ್ನ ಮಾಡೋಣ ಅಂತ ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಉಪ್ಪು ಅಳೆದು ಹಾಕ್ತಿದ್ದೆ. ಅವ್ವ ನೋಡಿ, "ತಿನ್ನೂ ಹಿಟ್ಟಿನ್ಯಾಗ ಏನ ಆಟ ಹಚ್ಚೀರಿ ನೀವು? ಉಪ್ಪ ಚೆಲ್ಲಬಾರದು ಅಂತ ನಿನಗ ಎಷ್ಟ ಸಲ ಹೇಳೇನಿ?" ಅಂದಳು.

ಈ ಮಾತನ್ನ "ಹಳೇ ಕಾಲದೋರು" ಅಂತ ತಳ್ಳಿಹಾಕಬೇಡಿ. ರೇಷನ್ ಜೋಳಕ್ಕೆ ಸಾಲಿನಲ್ಲಿ ನಿಂತ ಹೆಂಗಸಿನ ಮಾತು ಅದು. ನನ್ನ ಹತ್ತಿರ ಪೂರ್ತಿ ಉತ್ತರ ಈಗಲೂ ಇಲ್ಲ. ಹುಳ ಬಿದ್ದ, ತಿನ್ನೋಕಾಗದ ಹಳೇ ಮೈದಾ ಇದ್ದರೆ ಜರಡಿ ಹಿಡಿದು ಅದನ್ನೇ ಬಳಸ್ತೀನಿ. ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಮಾಡಲ್ಲ. ಅಷ್ಟೇ.

ಆದರೆ ಅವ್ವ ಬೈದು ಸುಮ್ಮನೆ ಕೂರಲಿಲ್ಲ. ಆನೆಯ ಕತೆ ಕೇಳಿದಳು. ಕೇಳಿ ಒಂದೇ ಮಾತು: "ಅದ್ಯಾಕ ಮುರದಿ? ಅದು ಆಕಿ ಆನಿ, ನಿಂದಲ್ಲ."

ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ ನೆನಪು ಮಾಡಿದಳು. ದಕ್ಷಿಣದ ಕಡೆಯವರಿಗೆ ಗೊತ್ತಿಲ್ಲದಿದ್ದರೆ ಹೇಳ್ತೀನಿ: ಜ್ಯೇಷ್ಠದ ಅಮಾವಾಸ್ಯೆ ದಿನ, ಮುಂಗಾರು ಬಿತ್ತನೆ ಹೊತ್ತಿಗೆ, ನಮ್ಮ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಜೋಡೆತ್ತು ಮಾಡಿ ಪೂಜೆ ಮಾಡ್ತಾರೆ. ಜೊತೆಗೆ ಮೇವಿಗೆ ಒಂದು ಮಣ್ಣಿನ ಗ್ವಾದಲಿ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ. ಈಗ ಹೆಚ್ಚಿನವರು ಪೇಟೆಯಲ್ಲಿ ಕೊಂಡು ತರ್ತಾರೆ, ಆದರೆ ನಾನು ಸಣ್ಣವಳಿದ್ದಾಗ ನಮ್ಮನೇಲಿ ಹೊಲದ ಮಣ್ಣು ತಂದು, ಹುಡುಗರೆಲ್ಲ ಪಡಸಾಲೆಯಲ್ಲಿ ಕೂತು ನಾವೇ ಮಾಡ್ತಿದ್ವಿ. ನನ್ನ ಎತ್ತು ಯಾವಾಗಲೂ ಮುಂದಕ್ಕೆ ಬಾಗ್ತಿತ್ತು. ನಿಲ್ಲಲಿ ಅಂತ ಅಜ್ಜ ಹೊಟ್ಟೆ ಕೆಳಗೆ ಒಂದು ಸಣ್ಣ ಕಲ್ಲು ಇಡ್ತಿದ್ದ. ಕಾಲು ತಿದ್ದುತ್ತಿರಲಿಲ್ಲ. ಕಲ್ಲು ಇಡ್ತಿದ್ದ. ಅದೇ ಸೊಟ್ಟ ಎತ್ತಿಗೆ ಅರಿಶಿನ ಕುಂಕುಮ, ಅದಕ್ಕೇ ಹೋಳಿಗೆ ನೈವೇದ್ಯ.

ದೇವರ ಜಗಲಿ ಮೇಲೆ ಕೂರೋಕೆ ಸಾಕಾಗಿದ್ದ ಎತ್ತು ಇವತ್ತು ಇನ್‌ಸ್ಟಾಗ್ರಾಮ್ ಮೇಲೆ ಕೂರೋಕೆ ಸಾಲದಾಯ್ತಾ?

4/7

"ಅಂದ್ರೆ ಮಕ್ಕಳಿಗೆ ಏನೂ ಹೇಳಿಕೊಡಲೇಬಾರದಾ?" ಅಂತ ಕಳೆದ ಸ್ಟೋರಿ ನೋಡಿ ಒಬ್ಬರು ಕೇಳಿದ್ರು. ಸ್ವಲ್ಪ ವ್ಯಂಗ್ಯವಾಗೇ ಕೇಳಿದ್ರು, ಪರವಾಗಿಲ್ಲ.

ಹೇಳಿಕೊಡಿ. ಹಿಟ್ಟಿನ ಗುಣ ಹೇಳಿಕೊಡಿ, ಆನೆಯ ಆಕಾರ ಅಲ್ಲ. ಇವೆರಡೂ ಬೇರೆ ಬೇರೆ.

ಪುಡಿ ಉಪ್ಪೇ ಬೇಕು, ಕಲ್ಲುಪ್ಪು ಹಾಕಿದರೆ ಕಾಳು ಕಾಳಾಗಿ ಉಳಿದು ಕೈ ಚುಚ್ಚುತ್ತೆ. ನೀರು ಒಂದೇ ಸಲ ಸುರಿಯಬಾರದು. ಮುಕ್ಕಾಲು ಬಟ್ಟಲಿನಿಂದ ಶುರುಮಾಡಿ, ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಆಗೋವರೆಗೆ ಚಮಚ ಚಮಚ ಹಾಕಿ. ಐದಾರು ನಿಮಿಷ ಚೆನ್ನಾಗಿ ನಾದಬೇಕು. ನಾದಿದಷ್ಟೂ ಮೈದಾದ ಅಂಟು ಹಿಡಿಯುತ್ತೆ, ಅದಕ್ಕೇ ಅದು ಎಳೆದರೆ ಬರುತ್ತೆ, ಹರಿಯಲ್ಲ. ರಾಗಿ ಹಿಟ್ಟಿನಲ್ಲಿ ಮಾಡೋಣ, ಹೆಲ್ದಿ, ಅಂದವರೊಬ್ಬರಿದ್ದಾರೆ (ತಿನ್ನೋದಕ್ಕಲ್ಲ ಸ್ವಾಮಿ ಇದು!). ರಾಗಿಗೆ ಆ ಅಂಟೇ ಇಲ್ಲ, ಒಣಗುತ್ತಲೇ ಬಿರುಕು. ಗೋಧಿ ಹಿಟ್ಟು ಆಗುತ್ತೆ, ಬಣ್ಣ ಮಾತ್ರ ಕಂದು.

ಕಾಲನ್ನ ಮೈಗೆ ಅಂಟಿಸುವಾಗ ಎರಡೂ ಕಡೆ ಬೆರಳಿನಿಂದ ನೀರು ಸವರಬೇಕು, ಇಲ್ಲಾಂದ್ರೆ ಒಣಗಿದ ಮೇಲೆ ಕಾಲು ಕೈಗೆ ಬರುತ್ತೆ. ದಾರ ಕಟ್ಟೋಕೆ ತೂತು ಹಸಿ ಇದ್ದಾಗಲೇ ಹಾಕಬೇಕು. ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಆದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತೆ.

ಇಷ್ಟು ಹೇಳಿ ಕೈ ಕಟ್ಟಿಕೊಂಡು ಕೂತ್ಕೊಳ್ಳಿ. ಆರು ವರ್ಷದ ಮಗುವಿಗೆ ಇದೆಲ್ಲ ಅರ್ಥ ಆಗುತ್ತೆ, ಯಾಕಂದ್ರೆ ಪ್ರತಿ ಮಾತಿಗೂ ಹಿಟ್ಟೇ ಸಾಕ್ಷಿ ಹೇಳುತ್ತೆ. ಕಾಲು ಉದುರಿತಾ? ನೀರು ಸವರಿರಲಿಲ್ಲ. ಮುಂದಿನ ಸಲ ಸವರ್ತಾಳೆ. ಆನೆಗೆ ನಾಲ್ಕೇ ಕಾಲು ಅನ್ನೋದು ಅವಳಿಗೆ ಗೊತ್ತಿಲ್ಲ ಅಂದ್ಕೊಂಡ್ರಾ? ದಸರಾ ಆನೆ ನೋಡಿದ್ದಾಳೆ ಅವಳು.

5/7

ಇನ್ನು ಒಣಗಿಸುವ ವಿಷಯ. ರೀಲ್‌ಗಳೆಲ್ಲ ಓವನ್ ಅನ್ನುತ್ತವೆ. ಈ ಕಲೆ ಚಳಿ ದೇಶದ ಕ್ರಿಸ್‌ಮಸ್ ಜೊತೆ ಬೆಳೆದದ್ದು. ಜರ್ಮನಿಯಲ್ಲಿ ಇದಕ್ಕೆ ಜಾಲ್ಟ್ಸ್‌ಟೈಗ್ ಅಂತಲೇ ಹೆಸರು, ಉಪ್ಪಿನ ಹಿಟ್ಟು ಅನ್ನೋದೇ ಅದರ ಅರ್ಥ. ಅಲ್ಲಿ ಡಿಸೆಂಬರ್‌ನಲ್ಲಿ ಬಿಸಿಲಿಲ್ಲ, ಓವನ್ ಬೇಕು. ಸುಮಾರು 100 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡ್ತಾರೆ. ಬೇಗ ಆಗಲಿ ಅಂತ ಶಾಖ ಜಾಸ್ತಿ ಕೊಟ್ಟರೆ ಉಬ್ಬಿ ಕೆಂಪಾಗುತ್ತೆ.

ನಮಗ್ಯಾಕೆ ಅದು? ಸಂಡಿಗೆ ಹಪ್ಪಳ ಒಣಗಿಸುವ ತಾರಸಿ ಇದೆ. ಏಪ್ರಿಲ್ ಬಿಸಿಲಿದೆ. ಮೊರದಲ್ಲೋ ಜಾಲರಿ ಮೇಲೋ ಇಟ್ಟು, ಬೆಳಿಗ್ಗೆ ಸಂಜೆ ಮಗುಚಿ ಹಾಕಿದರೆ ಮೂರು ದಿನಕ್ಕೆ ತಟ್ಟಿದರೆ ಟಕ್ ಅನ್ನುತ್ತೆ. ಓವನ್ ಇಲ್ಲ ಅಂತ ಇಷ್ಟು ದಿನ ನನಗೆ ಮೆಸೇಜ್ ಮಾಡಿ ಬೇಜಾರಾದವರಿಗೆಲ್ಲ ಕ್ಷಮೆ ಕೇಳ್ತೀನಿ. ನಾನು ಓಟಿಜಿ ಫೋಟೋ ಹಾಕಿ ನಿಮ್ಮ ದಾರಿ ತಪ್ಪಿಸಿದೆ.

ಮತ್ತೆ ಈ ಮಳೆಗಾಲದಲ್ಲಿ ದಯವಿಟ್ಟು ಶುರು ಮಾಡಬೇಡಿ, ಮಂಗಳೂರು ಉಡುಪಿಯವರಂತೂ ಬೇಡವೇ ಬೇಡ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರುತ್ತೆ. ನಿಮ್ಮ ಉಪ್ಪಿನ ಡಬ್ಬಿ ಆಷಾಢದಲ್ಲಿ ಏನಾಗುತ್ತೋ ಆನೆಗೂ ಅದೇ ಆಗುತ್ತೆ. ಬೇಸಿಗೆಯಲ್ಲಿ ಮಾಡಿಟ್ಟದ್ದಕ್ಕೂ ಹಿಂದೆ ಮುಂದೆ, ತೂತಿನ ಒಳಗೂ ವಾರ್ನಿಷ್ ಹಚ್ಚಿರಬೇಕು.

6/7

ಎರಡು ಸುಳ್ಳುಗಳನ್ನ ಇಲ್ಲೇ ಹೇಳಿ ಮುಗಿಸ್ತೀನಿ, ಇವು ಆನೆಗಿಂತ ಗಂಭೀರ.

"ಅಡುಗೆಮನೆ ಸಾಮಾನು ತಾನೇ, ಮಗು ಬಾಯಿಗೆ ಹಾಕಿದರೂ ಏನಾಗಲ್ಲ." ಆಗುತ್ತೆ. ಹಿಟ್ಟಿನಲ್ಲಿ ಮೂರನೇ ಒಂದು ಭಾಗ ಉಪ್ಪು. ನಾಲಿಗೆಗೆ ಸೋಕಿದರೆ ಮಗು ತಾನೇ ಉಗಿಯುತ್ತೆ, ನಿಜ. ಆದರೆ ಅಂಬೆಗಾಲಿಡುವ ಕೂಸಿಗೆ ಒಂದು ಮುದ್ದೆ ಒಳಗೆ ಹೋದರೆ ರಕ್ತದಲ್ಲಿ ಉಪ್ಪಿನಂಶ ಏರಿ ಜೀವಕ್ಕೇ ಕುತ್ತು. ನಾಯಿಗಳಂತೂ ಉಗಿಯಲ್ಲ, ನುಂಗ್ತವೆ. ವಾಂತಿ, ವಿಪರೀತ ಬಾಯಾರಿಕೆ, ನಡುಕ, ಫಿಟ್ಸ್, ಸತ್ತೂ ಹೋಗ್ತವೆ. ಒಣಗಿದ ಗೊಂಬೆಯೂ ಅಷ್ಟೇ ಅಪಾಯ. ನಾಯಿ ತಿಂದರೆ ಕಾಯಬೇಡಿ, ಪಶುವೈದ್ಯರ ಹತ್ತಿರ ಓಡಿ.

ಎರಡನೇದು, "ಪರಿಸರಸ್ನೇಹಿ ಉಪ್ಪಿನ ಹಿಟ್ಟಿನ ಗಣಪ, ಬಕೆಟ್‌ನಲ್ಲಿ ವಿಸರ್ಜಿಸಿ ನೀರನ್ನ ಗಿಡಕ್ಕೆ ಹಾಕಿ." ಯಾವ ಗಿಡಕ್ಕೆ? ಉಪ್ಪು ತುಂಬಿದ ಮಣ್ಣಿನಿಂದ ಬೇರು ನೀರು ಎಳೆಯೋಕಾಗದೆ ಗಿಡ ಒಣಗುತ್ತೆ. ಕುಂಡದಲ್ಲಿರೋ ತುಳಸಿಗೆ ಹಾಕಿ ಆಮೇಲೆ ನನ್ನ ಬೈಬೇಡಿ. ಗಣಪನಿಗೆ ಜೇಡಿಮಣ್ಣಿದೆ, ಅರಿಶಿನ ಬೆರೆಸಿದ ಗೋಧಿ ಹಿಟ್ಟಿದೆ. ಉಪ್ಪಿನ ಹಿಟ್ಟು ತೂಗುಹಾಕುವ, ಎತ್ತಿಡುವ ವಸ್ತುಗಳಿಗೆ ಮಾತ್ರ.

ಹಾಂ, ಉಳಿದ ಹಿಟ್ಟನ್ನ ಸಿಂಕಿಗೆ ತೊಳೆಯಬೇಡಿ, ಪೈಪ್ ಕಟ್ಟುತ್ತೆ. ನೆಲಕ್ಕೆ ಬಿದ್ದದ್ದನ್ನ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಒಣಗಲು ಬಿಟ್ಟು ಗುಡಿಸಿ. ಗುಡಿಸೋದು ಅಪ್ಪಂದಿರು.

7/7

ಏಪ್ರಿಲ್‌ಗೆ ವಾಪಸ್ ಬರ್ತೀನಿ. ಮಗಳು ಆವತ್ತೂ "ನಂಗೆ ಬರಲ್ಲ" ಅಂದಳು. ಅವ್ವ ಅವಳನ್ನ ಕರೆಯಲೇ ಇಲ್ಲ. ತಾನೇ ನೆಲಕ್ಕೆ ಕೂತು ಎತ್ತು ಮಾಡೋಕೆ ಶುರು ಮಾಡಿದಳು. ಅವ್ವನ ಬಲಗೈ ಈಗೀಗ ನಡುಗುತ್ತೆ, ಹಿಟ್ಟು ಹಿಡಿದರೆ ಇನ್ನೂ ಜಾಸ್ತಿ. ಎತ್ತಿನ ಒಂದು ಕೋಡು ಆ ಕಡೆ, ಇನ್ನೊಂದು ಈ ಕಡೆ. ಹಿಣಿಲು ಇರಬೇಕಾದಲ್ಲಿ ತಗ್ಗು.

ಮಗಳು ಸೋಫಾದಿಂದ ಇಳಿದು ಬಂದು ನೋಡಿದಳು. "ಅಜ್ಜಿ, ಇದು ಸೊಟ್ಟ."

"ಹೌದ ಮತ್ತ. ನನ್ನ ಕೈಯಾಗ ಇಷ್ಟ ಬರ್ತದ."

"ಅಮ್ಮ ಸರಿ ಮಾಡಿಕೊಡ್ತಾಳೆ."

"ನಿಮ್ಮವ್ವ ಮುಟ್ಟಿದ್ರ ಕೈ ಮುರೀತೀನಿ."

ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಿ ಟೀ ಇಟ್ಟೆ. ಟೀ ಕುದಿದು, ಸೋಸಿ ತರುವಷ್ಟರಲ್ಲಿ ಮಗಳು ಅಂಗಾತ ಇಟ್ಟ ಮೊರದ ಪಕ್ಕ ಕೂತು ಎತ್ತಿನ ಕಣ್ಣಿಗೆ ಜೋಳದ ಕಾಳು ಚುಚ್ಚುತ್ತಿದ್ದಳು. ಮೂರು ಕಾಳು ಚುಚ್ಚಿದಳು. ನಾನು ಬಾಯಿ ತೆರೆಯಲಿಲ್ಲ. ಸುಲಭ ಇರಲಿಲ್ಲ, ಒಪ್ಕೋತೀನಿ.

ಕೊನೇ ಫೋಟೋ ಅದರದ್ದೇ. ಬೆಳಕು ಸರಿ ಇಲ್ಲ, ಹಿಂದೆ ಒಗೆದ ಬಟ್ಟೆ ಕಾಣ್ತಿದೆ, ಫಿಲ್ಟರ್ ಹಾಕಿಲ್ಲ. ಎಡಗಡೆ ಅವ್ವನ ಎತ್ತು, ಅದರ ಪಕ್ಕದ್ದು ಮಗಳ ಆನೆ. ಈ ಸಲ ಆರು ಕಾಲು. ಕೇಳಿದರೆ, "ಅದು ಓಡ್ತಾ ಇದೆ, ಅದಕ್ಕೆ ಜಾಸ್ತಿ ಕಾಣುತ್ತೆ" ಅಂದಳು.

ನಿಮ್ಮನೇಲಿ ಮಕ್ಕಳು ಮಾಡಿದ್ದು, ಯಾರೂ ತಿದ್ದದೇ ಇರೋದು, ಇದ್ದರೆ ಕಳಿಸಿ. ಈ ವಾರ ಸ್ಟೋರಿಯಲ್ಲಿ ಅವನ್ನೇ ಹಾಕ್ತೀನಿ. ನುಣುಪಾದವು ಬಂದರೆ ಯಾರ ಕೈಯದು ಅಂತ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಹೋದ ಡಿಸೆಂಬರ್ ಪೋಸ್ಟ್ ಅಳಿಸಿಲ್ಲ. ಅದರ ಕೆಳಗೆ ನಿಜ ಬರೆದಿದ್ದೀನಿ. ಎತ್ತಿನ ಎಡಗೋಡು ಮೊನ್ನೆ ಮಳೆಗೆ ಮೆತ್ತಗಾಗಿ ಬಿದ್ದಿದೆ, ವಾರ್ನಿಷ್ ಹಿಂದೆ ಹಚ್ಚಿದ್ದೆ, ಕೋಡಿನ ಬುಡಕ್ಕೆ ಹಚ್ಚೋದು ಮರೆತಿದ್ದೆ. ಅಂಟಿಸಲಾ ಅಂತ ಧಾರವಾಡಕ್ಕೆ ಫೋನ್ ಮಾಡಿ ಕೇಳಿದ್ದೀನಿ. "ಆಕೀನ ಕೇಳು" ಅಂದಳು ಅವ್ವ. ಶಾಲೆಯಿಂದ ಇನ್ನೂ ಬಂದಿಲ್ಲ.

#ಉಪ್ಪಿನಹಿಟ್ಟು #ತಿದ್ದಬೇಡಿ #ಮಣ್ಣೆತ್ತಿನಅಮಾವಾಸ್ಯೆ