‘ಕಟ್’ ಎಂಬ ಒಂದೇ ಮಾತು

ಪರಭಾಷೆಯಿಂದ ಬಂದಿತೆಂಬ ಮಾತ್ರಕ್ಕೆ ಯಾವ ಶಬ್ದವೂ ತ್ಯಾಜ್ಯವಾಗುವುದಿಲ್ಲ. ‘ಕಾಗದ’ ಪಾರಸಿಯಿಂದಲೂ ‘ಅಲಮಾರು’ ಪೋರ್ಚುಗೀಸಿನಿಂದಲೂ ‘ಬಸ್ಸು’ ಆಂಗ್ಲದಿಂದಲೂ ಬಂದು ಕನ್ನಡದ ಮನೆಯ ಮಕ್ಕಳೇ ಆಗಿಹೋಗಿವೆ. ಇವು ಹೊಸ ವಸ್ತುವಿನೊಡನೆ ಬಂದ ಹೊಸ ಹೆಸರುಗಳು. ಇದ್ದ ಯಾವ ಮಾತನ್ನೂ ಮನೆಯಿಂದ ಹೊರಹಾಕಿದವುಗಳಲ್ಲ. ಆದರೆ ಒಂದೇ ಒಂದು ಶಬ್ದ ಒಳಬಂದು ಹತ್ತು ಹನ್ನೆರಡು ಶಬ್ದಗಳ ಸ್ಥಾನವನ್ನು ಆಕ್ರಮಿಸಿದರೆ ಅದನ್ನು ಲಾಭವೆನ್ನಬೇಕೆ, ನಷ್ಟವೆನ್ನಬೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಆಂಗ್ಲದ ‘ಕಟ್’ ಎಂಬ ಪುಟ್ಟ ಶಬ್ದ ಇದಕ್ಕೆ ತಕ್ಕ ನಿದರ್ಶನ.

ಇಂದಿನ ವಿದ್ಯಾರ್ಥಿಯ ಬಾಯಲ್ಲಿ ತರಕಾರಿಯೂ ‘ಕಟ್’ ಆಗುತ್ತದೆ, ಮರವೂ ‘ಕಟ್’ ಆಗುತ್ತದೆ, ಕೂದಲೂ ಬಟ್ಟೆಯೂ ‘ಕಟ್’ ಆಗುತ್ತವೆ. ವಿದ್ಯುತ್ತು, ದೂರವಾಣಿಯ ಕರೆ, ಸಂಬಳ, ಸ್ನೇಹ ಎಲ್ಲವೂ ‘ಕಟ್’ ಆಗುತ್ತವೆ. ‘ಮಾಡು’, ‘ಆಗು’ ಎಂಬ ಎರಡು ಸಹಾಯಕ ಕ್ರಿಯಾಪದಗಳ ನೆರವಿನಿಂದ ಈ ಏಕಾಕ್ಷರಿ ಕನ್ನಡದ ಇಡೀ ಒಂದು ಧಾತುಸಮೂಹವನ್ನು ಮೂಲೆಗೆ ತಳ್ಳಿದೆ.

ಆ ಸಮೂಹದ ಸಂಪತ್ತೆಷ್ಟೆಂಬುದನ್ನು ತಿಳಿಯಲು ಮಹಾಗ್ರಂಥಗಳೇ ಬೇಕಾಗಿಲ್ಲ. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಂಥ ಹೋಬಳಿಯ ಒಕ್ಕಲು ಮನೆಯೊಂದರ ದಿನಚರಿಯನ್ನು ಗಮನಿಸಿದರೆ ಸಾಕು. ಅಲ್ಲಿ ರಾಗಿಯ ಪೈರನ್ನು ಕುಡುಗೋಲಿನಿಂದ ಕೊಯ್ಯುತ್ತಾರೆ, ಮರವನ್ನು ಕೊಡಲಿಯಿಂದ ಕಡಿಯುತ್ತಾರೆ, ಬೇಲಿಯಿಂದ ಹೊರಚಾಚಿದ ರೆಂಬೆಯನ್ನು ಮಚ್ಚಿನಿಂದ ಸವರುತ್ತಾರೆ, ಬಿದಿರನ್ನು ಸೀಳುತ್ತಾರೆ, ಎಳನೀರನ್ನು ಕೆತ್ತುತ್ತಾರೆ, ಈಳಿಗೆಮಣೆಯ ಮೇಲೆ ತರಕಾರಿ ಹೆಚ್ಚುತ್ತಾರೆ, ಗಿಡದ ಕುಡಿಯನ್ನು ಚಿವುಟುತ್ತಾರೆ. ರೇಷ್ಮೆ ಸಾಕುವ ಮನೆಯಲ್ಲಿ ಚಾಕಿ ಹುಳುಗಳಿಗೆ ಹಿಪ್ಪುನೇರಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಚನ್ನಪಟ್ಟಣದ ಬೊಂಬೆಯ ಕೆಲಸದಲ್ಲಿ ಮೊದಲು ಹಾಲೆಮರವನ್ನು ಕಡಿಯಬೇಕು, ಒಣಗಿದ ಮೇಲೆ ಗರಗಸದಿಂದ ಕೊಯ್ಯಬೇಕು, ಅನಂತರ ಚರಕಿಗೆ ಕೊಟ್ಟು ಕಡೆಯಬೇಕು. ‘ಕಡಿ’ಗೂ ‘ಕಡೆ’ಗೂ ಇರುವ ಅಂತರ ಒಂದು ಸ್ವರದ್ದು, ಆದರೆ ಮೊದಲನೆಯದರಿಂದ ಮರ ನೆಲಕ್ಕುರುಳುತ್ತದೆ, ಎರಡನೆಯದರಿಂದ ಬೊಂಬೆ ಹುಟ್ಟುತ್ತದೆ.

ಇವು ಕೇವಲ ಪರ್ಯಾಯಪದಗಳಲ್ಲ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ‘ಕಡಿ’ ಎಂದೊಡನೆ ಎತ್ತಿ ಹಾಕುವ ಪೆಟ್ಟು ಕಣ್ಣಿಗೆ ಕಟ್ಟುತ್ತದೆ. ‘ಕೊಯ್ಯು’ ಎಂದರೆ ಅಲಗನ್ನು ಎಳೆದು ಬೇರ್ಪಡಿಸುವುದು. ‘ಸೀಳು’ ಎಂದರೆ ಎಳೆಯ ಉದ್ದಕ್ಕೆ ಬಿಡಿಸುವುದು. ‘ಸವರು’ ಎಂದರೆ ಮೂಲವನ್ನುಳಿಸಿ ಹೆಚ್ಚಾದುದನ್ನು ಮಾತ್ರ ತೆಗೆಯುವುದು. ಪ್ರತಿಯೊಂದು ಧಾತುವಿನೊಳಗೂ ಒಂದು ಆಯುಧ, ಒಂದು ವಸ್ತು, ಒಂದು ಕೈಚಳಕ ಅಡಗಿವೆ. ಮರವನ್ನು ಸವರು ಎಂದರೆ ಕಡಿದುಹಾಕುವವನು ಮಾತನ್ನೂ ಕೆಡಿಸಿದನು, ಮರವನ್ನೂ ಕೆಡಿಸಿದನು. ಆದ್ದರಿಂದ ಧಾತು ಮರೆತುಹೋದಾಗ ಅದರೊಡನೆ ಒಂದು ಕಸುಬಿನ ತಿಳಿವಳಿಕೆಯೂ ಮರೆತುಹೋಗುತ್ತದೆ.

‘ಆಂಗ್ಲರು ಒಂದೇ ಶಬ್ದದಿಂದ ಇಷ್ಟೆಲ್ಲವನ್ನೂ ಹೇಳುವುದಿಲ್ಲವೇ?’ ಎಂದು ಕೇಳುವವರುಂಟು. ಹೇಳುವುದುಂಟು, ಆದರೆ ಅದೊಂದನ್ನೇ ನೆಚ್ಚಿ ಅವರು ಕುಳಿತಿಲ್ಲ. ಪೈರಿಗೆ ‘ರೀಪ್’, ಮರಕ್ಕೆ ‘ಫೆಲ್’, ಗಿಡಕ್ಕೆ ‘ಪ್ರೂನ್’, ತರಕಾರಿಗೆ ‘ಚಾಪ್’, ರೊಟ್ಟಿಗೆ ‘ಸ್ಲೈಸ್’, ಶಿಲ್ಪಕ್ಕೆ ‘ಕಾರ್ವ್’, ಹುಲ್ಲಿಗೆ ‘ಮೋ’ ಎಂದು ಅವರ ಭಾಷೆಯಲ್ಲಿಯೂ ಒಂದೊಂದಕ್ಕೆ ಒಂದೊಂದು ಮಾತಿದೆ. ಕನ್ನಡಿಗನು ಆ ಭಂಡಾರದಿಂದ ಒಂದೇ ನಾಣ್ಯವನ್ನು ಎರವಲು ತಂದು, ಸ್ವಂತ ಪೆಟ್ಟಿಗೆಯ ಹತ್ತು ನಾಣ್ಯಗಳನ್ನು ಚೆಲ್ಲಿದ್ದಾನೆ. ಹೀಗಾಗಿ ‘ಕಟ್’ ಎನ್ನುವ ಬಾಲಕನಿಗೆ ಇತ್ತ ಕನ್ನಡವೂ ಬರಲಿಲ್ಲ, ಅತ್ತ ಇಂಗ್ಲಿಷೂ ಬರಲಿಲ್ಲ.

ಕನ್ನಡದಲ್ಲಿ ಶಬ್ದಗಳು ಕಣ್ಮರೆಯಾಗುವುದು ಹೊಸತೇನೂ ಅಲ್ಲವೆಂಬ ಸಮಾಧಾನವೂ ಕೇಳಿಬರುತ್ತದೆ. ಹಳಗನ್ನಡದಲ್ಲಿ ‘ಅರಿ’ ಎಂದರೆ ಕತ್ತರಿಸು, ಶಕಟರೇಫದ ‘ಅಱಿ’ ಎಂದರೆ ತಿಳಿ. ಕಾಲಕ್ರಮದಲ್ಲಿ ‘ಱ’ಕಾರ ಬಳಕೆ ತಪ್ಪಿತು, ಇಂದಿನ ಕನ್ನಡದಲ್ಲಿ ‘ಅರಿ’ ಎಂದರೆ ತಿಳಿ ಎಂಬ ಅರ್ಥವೇ ಉಳಿದಿದೆ. ಇದು ನಿಜ. ಆದರೆ ಆ ಧಾತು ಹಿಂದೆ ಸರಿದಾಗ ಅದರ ಕೆಲಸವನ್ನು ವಹಿಸಿಕೊಳ್ಳಲು ಕೊಯ್ಯು, ಕಡಿ, ಕೊರೆ ಮೊದಲಾದ ಒಡಹುಟ್ಟುಗಳಿದ್ದವು. ಇಂದು ಒಡಹುಟ್ಟುಗಳೇ ಒಟ್ಟಾಗಿ ಮನೆ ಬಿಡುತ್ತಿವೆ. ಭೇದ ಇಷ್ಟು.

ನಿಘಂಟುಗಳು ಇದನ್ನು ತಡೆಯಬಲ್ಲವೇ? ಕನ್ನಡಕ್ಕೆ ಕೋಶಗಳ ಕೊರತೆಯಿಲ್ಲ. ನಾಗವರ್ಮನ ‘ಅಭಿಧಾನ ವಸ್ತುಕೋಶ’, ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಪ್ರಾಚೀನ ಪರಂಪರೆಯವು. 1894ರಲ್ಲಿ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ಣಗೊಂಡಿದೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) ‘ಇಗೋ ಕನ್ನಡ’ ಅಂಕಣದ ಮೂಲಕ ಶಬ್ದಜಿಜ್ಞಾಸೆಯನ್ನು ಸಾಮಾನ್ಯ ಓದುಗರ ಮನೆಬಾಗಿಲಿಗೆ ತಂದರು. ಇವೆಲ್ಲ ಸ್ತುತ್ಯವಾದ ಕಾರ್ಯಗಳು. ಆದರೆ ನಿಘಂಟು ಶಬ್ದವನ್ನು ಕಾದಿಡಬಲ್ಲುದೇ ಹೊರತು ಆಡಿಸಲಾರದು. ಆಡುವ ನಾಲಗೆ ಬೇಕು. ಆ ನಾಲಗೆಯನ್ನು ತಿದ್ದುವ ಸ್ಥಾನ ಪಾಠಶಾಲೆ.

ಹಳೆಯ ಕ್ರಮದಲ್ಲಿ ಬಾಲಕರು ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದರು. ಅದರಿಂದ ಶಬ್ದಸಂಚಯವಾಯಿತು, ಸಂದೇಹವಿಲ್ಲ. ಆದರೆ ಉರುಹೊಡೆಯುವ ಪದ್ಧತಿಯನ್ನೇ ಪುನಃ ತರಬೇಕೆಂಬುದು ಸರಿಯಾದ ಸೂಚನೆಯಲ್ಲ. ಧಾತುವನ್ನು ಬಳಕೆಯಲ್ಲಿ ಕಲಿಸುವುದೇ ಉತ್ತಮ. ಗ್ರಾಮಾಂತರದ ಶಾಲೆಗೆ ಇದರಲ್ಲಿ ನಗರದ ಶಾಲೆಗಿಲ್ಲದ ಅನುಕೂಲವಿದೆ: ಕೊಯ್ಲು, ಕಣ, ಕುಲುಮೆ, ಅಡುಗೆಮನೆಗಳು ಕೂಗಳತೆಯಲ್ಲಿವೆ. ವಾರಕ್ಕೊಂದು ಕ್ರಿಯಾಪದವನ್ನು ವಿದ್ಯಾರ್ಥಿಯು ಅಜ್ಜಿಯಿಂದಲೋ ಬಡಗಿಯಿಂದಲೋ ಕೇಳಿ ತಂದು, ಅದರ ಆಯುಧವನ್ನೂ ವಸ್ತುವನ್ನೂ ಗುರುತಿಸಿ, ಒಂದು ವಾಕ್ಯದೊಡನೆ ಬರೆದಿಡಲಿ. ಅದೇ ಕ್ರಿಯೆಗೆ ಆಂಗ್ಲದಲ್ಲಿ ಸಲ್ಲುವ ನಿಖರವಾದ ಶಬ್ದವನ್ನು ಇಂಗ್ಲಿಷ್ ಉಪಾಧ್ಯಾಯರು ಅದರ ಪಕ್ಕದಲ್ಲಿಯೇ ಬರೆಸಲಿ. ಇಬ್ಬರು ಅಧ್ಯಾಪಕರೂ ಪ್ರತಿಸ್ಪರ್ಧಿಗಳಲ್ಲ, ಒಂದೇ ನೊಗಕ್ಕೆ ಹೆಗಲು ಕೊಟ್ಟವರು ಎಂಬುದು ಆಗ ವಿದ್ಯಾರ್ಥಿಗೂ ತಿಳಿಯುತ್ತದೆ. ಕಟ್ಟಡಕ್ಕೆ ಕೊಡುಗೆ ನೀಡುವ ದಾನಿಗಳು ತರಗತಿಗೊಂದು ಒಳ್ಳೆಯ ನಿಘಂಟನ್ನೂ ಕೊಡಿಸಿದರೆ ಆ ದಾನ ಕಲ್ಲುಗೋಡೆಗಿಂತ ಕಡಿಮೆ ಬಾಳುವುದಿಲ್ಲ. ಹಿರಿಯ ವಿದ್ಯಾರ್ಥಿಗಳು ತಂತಮ್ಮ ಊರಿನ ಕಸುಬಿನ ಮಾತುಗಳನ್ನು ಸಂಗ್ರಹಿಸಿ ಕಳುಹಿಸಿದರೆ, ಅದೂ ಶಾಲೆಗೆ ಸಲ್ಲಿಸಿದ ಕಾಣಿಕೆಯೇ.

ವಿದ್ಯುತ್ತು ‘ಕಟ್’ ಆಗಲಿ, ಯಾರ ಆಕ್ಷೇಪವೂ ಇಲ್ಲ. ಆ ವಸ್ತುವಿನೊಡನೆ ಬಂದ ಮಾತದು. ಆದರೆ ಸಂಬಳವನ್ನು ಮುರಿದುಕೊಳ್ಳುವ, ಸ್ನೇಹವನ್ನು ಕಡಿದುಕೊಳ್ಳುವ, ಮಾತನ್ನು ತುಂಡರಿಸುವ ವಿವೇಚನೆ ಕನ್ನಡಿಗನ ನಾಲಗೆಯಲ್ಲಿ ಉಳಿಯಬೇಕು. ಆಂಗ್ಲದಲ್ಲಿ ‘ಕಟ್’ ಎಂದರೆ ಬೇರ್ಪಡಿಸುವುದು. ಕನ್ನಡದಲ್ಲಿ ‘ಕಟ್ಟು’ ಎಂದರೆ ಕೂಡಿಸುವುದು. ಶಾಲೆಯ ಕೆಲಸ ಎರಡನೆಯದು.